ಗಡಿಕಲ್ಲು ಕಳೆದರೆ ಹೊಲ ಕಳೆಯಿತೇ?

"ಪಾರ್ಟಿಷನ್ ಹೋಗೈತ್ರೀ ಸಾಹೇಬ್ರೆ!"

ಕೂಡ್ಲಿಗಿಯ ಕೋರ್ಟಿನ ಮುಂದೆ ಈ ಮಾತು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಅಣ್ಣ ತಮ್ಮಂದಿರ ಪಾಲಿನ ವ್ಯಾಜ್ಯ ಇವತ್ತಿನದಲ್ಲ, ನಿನ್ನೆಯದಲ್ಲ. ಆದರೆ ಅದೇ ಮಾತನ್ನು ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಒಂದು ಪತ್ತಿನ ಸಂಘದ ಕಾರ್ಯದರ್ಶಿಗೆ ಫೋನಿನಲ್ಲಿ ಹೇಳಿದ ಎಂದಿಟ್ಟುಕೊಳ್ಳಿ. ಕಾರ್ಯದರ್ಶಿಯ ಕೈಕಾಲು ತಣ್ಣಗಾಗುತ್ತವೆ. ಸದಸ್ಯರ ಉಳಿತಾಯ, ಹೂ ಮಾರುವಾಕೆ ದಿನಾ ಕಟ್ಟಿದ ಪಿಗ್ಮಿ, ಶೇಂಗಾ ಬಿತ್ತನೆಗೆ ತೆಗೆದ ಸಾಲ, ಒತ್ತೆ ಇಟ್ಟ ಬಂಗಾರದ ತೂಕ, ಎಲ್ಲವೂ ಆ ಡಿಸ್ಕಿನೊಳಗೆ. ಡಿಸ್ಕು ನೋಡಿದರೆ ಖಾಲಿ ಎಂದು ತೋರಿಸುತ್ತಿದೆ!

ನಿಜಕ್ಕೂ ಖಾಲಿಯೇ? ಅಲ್ಲ ಸ್ವಾಮಿ. ಇಂಥ ಸಂದರ್ಭದಲ್ಲಿ ಬಹುತೇಕ ಹೋಗಿರುವುದು ಲೆಕ್ಕವಲ್ಲ. ಲೆಕ್ಕ ಎಲ್ಲಿದೆ ಎಂದು ಹೇಳುವ ಪಟ್ಟಿ ಮಾತ್ರ. ಲೆಕ್ಕ ಹೋಗುವುದು ಆಮೇಲೆ, ಗಾಬರಿಯಲ್ಲಿ ಮಾಡುವ ರಿಪೇರಿಯಿಂದ! ಕಳ್ಳ ಒಯ್ದದ್ದಕ್ಕಿಂತ ಕಳ್ಳನನ್ನು ಹುಡುಕಲು ಹೋದವರು ತುಳಿದ ಬೆಳೆಯೇ ಹೆಚ್ಚು ಎಂಬಂಥ ಕಥೆ ಇದು. ಇವತ್ತು ಊರೂರಿಗೆ ಪತ್ತಿನ ಸಂಘ, ಸೌಹಾರ್ದ, ಕಾಲೇಜು, ಆಸ್ಪತ್ರೆ, ಗೊಬ್ಬರದ ಅಂಗಡಿ ಎಲ್ಲ ಲೆಕ್ಕವನ್ನೂ ಕಂಪ್ಯೂಟರಿಗೆ ಹಾಕಿ ಕೂತಿರುವಾಗ ಈ ವಿಷಯ ಬೆಂಗಳೂರಿನ ಇಂಜಿನಿಯರುಗಳಿಗೆ ಮಾತ್ರ ಸೇರಿದ್ದು ಎಂದು ಸುಮ್ಮನಿರುವಂತಿಲ್ಲ.

ಮೂರು ಜಿಲ್ಲೆ ಕಂಡ ಮಣ್ಣು

ಈ ಐದು ತಾಲ್ಲೂಕಿನ ಜನಕ್ಕೆ ಪಟ್ಟಿ ಬೇರೆ, ಮಣ್ಣು ಬೇರೆ ಎಂಬುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹರಪನಹಳ್ಳಿಯನ್ನೇ ನೋಡಿ. 1997ರವರೆಗೆ ಬಳ್ಳಾರಿ ಜಿಲ್ಲೆ. ಆ ವರ್ಷ ದಾವಣಗೆರೆ ಜಿಲ್ಲೆ ಹುಟ್ಟಿತು, ಹರಪನಹಳ್ಳಿ ಅಲ್ಲಿಗೆ ಹೋಯಿತು. 371ಜೆ ಸೌಲಭ್ಯ ನಮಗೂ ಬೇಕೆಂದು ಜನ ಕೂಗೆಬ್ಬಿಸಿದರು. 2018ರಲ್ಲಿ ಮತ್ತೆ ಬಳ್ಳಾರಿ. ಅಲ್ಲಿ ಕಾಲೂರುವ ಹೊತ್ತಿಗೆ 2021 ಬಂತು, ವಿಜಯನಗರ ಜಿಲ್ಲೆ ಆಯಿತು. ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಕೂಡ ಬಳ್ಳಾರಿ ಬಿಟ್ಟು ಅದೇ ಹೊಸ ಜಿಲ್ಲೆಗೆ ಬಂದವು. ಕೊಟ್ಟೂರಂತೂ ಕೂಡ್ಲಿಗಿ ತಾಲ್ಲೂಕಿನೊಳಗೇ ಇದ್ದ ಊರು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದಾಗಿ ತಾನೇ ಬೇರೆ ಮನೆ ಹೂಡಿತು.

ಇಷ್ಟೆಲ್ಲ ಆದಾಗ ಹೊಲ ಕದಲಿತೇ? ಉಚ್ಚಂಗಿದುರ್ಗದ ಗುಡ್ಡ ಎದ್ದು ದಾವಣಗೆರೆಗೆ ನಡೆದುಹೋಗಿ ತಿರುಗಿ ಬಂತೇ? ಇಲ್ಲ. ಬದಲಾದದ್ದು ಪಟ್ಟಿ, ಬೋರ್ಡು, ರಬ್ಬರ್ ಸೀಲು. ಆದರೂ ಹಳೆಯ ಕಡತ ಒಂದು ಬೇಕೆಂದು ಹೊರಟವನ ಪಾಡು ಬೇರೆ. ಕಡತ ಸುಟ್ಟಿಲ್ಲ, ಹರಿದಿಲ್ಲ. ಯಾವ ಊರಿನ ಯಾವ ಕಪಾಟಿನಲ್ಲಿದೆ ಎಂಬುದು ತಪ್ಪಿದರೆ ಸಾಕು, ಇದ್ದೂ ಇಲ್ಲದಂತೆ. ಕಂಪ್ಯೂಟರಿನ ಪಾರ್ಟಿಷನ್ ಟೇಬಲ್ ಹೋಗುವುದೆಂದರೆ ಇದೇ.

64 ಬೈಟಿನ ಪಾಲುಪಟ್ಟಿ

ಡಿಸ್ಕು ಎಂಬುದು ಒಂದು ದೊಡ್ಡ ಹೊಲ. ಅದನ್ನು 512 ಬೈಟಿನ ಸಣ್ಣ ಸಣ್ಣ ಮಡಿಗಳಾಗಿ ಎಣಿಸುತ್ತಾರೆ. ಸೆಕ್ಟರ್ ಎಂದು ಅದಕ್ಕೆ ಹೆಸರು. 1983ರಲ್ಲಿ ಐಬಿಎಂ ಪಿಸಿಗಳಿಗೆ ಬಂದ ಹಳೆಯ ಪದ್ಧತಿಯಲ್ಲಿ ಮೊಟ್ಟಮೊದಲ ಸೆಕ್ಟರಿನಲ್ಲೇ ಇಡೀ ಹೊಲದ ಪಾಲುಪಟ್ಟಿ ಇರುತ್ತದೆ. ಆ 512ರಲ್ಲಿ 446 ಬೈಟು ಯಂತ್ರ ಏಳುವುದಕ್ಕೆ ಬೇಕಾದ ಆಜ್ಞೆಗಳಿಗೆ, ಕೊನೆಯ 2 ಬೈಟು ಗುರುತಿನ ಮೊಹರಿಗೆ. ನಡುವೆ ಉಳಿದದ್ದು 64 ಬೈಟು. ಅದರಲ್ಲಿ ನಾಲ್ಕು ಪಾಲು, ಪಾಲಿಗೆ 16 ಬೈಟು. ಯಾವ ಪಾಲು ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಜಾತಿಯದು ಎಂದು ಅಷ್ಟರಲ್ಲೇ ಬರೆದಿರಬೇಕು.

64 ಬೈಟು ಎಂದರೆ ಎಷ್ಟು? ಈಗ ಚಾಲ್ತಿಯಲ್ಲಿರುವ ಯುನಿಕೋಡ್ ಬರವಣಿಗೆಯಲ್ಲಿ ಹಗರಿಬೊಮ್ಮನಹಳ್ಳಿ ಎಂದು ಒಂದು ಸಲ ಬರೆದರೆ 45 ಬೈಟು ಖರ್ಚು. ಎರಡನೇ ಸಲ ಬರೆಯಲು ಜಾಗ ಸಾಲದು! ಒಂದು ಊರಿನ ಹೆಸರನ್ನು ಎರಡು ಸಲ ಹಿಡಿಯದಷ್ಟು ಜಾಗ ಅಳಿಸಿಹೋದರೆ ನೂರಾರು ಜಿಬಿಯ ಡಿಸ್ಕು ಖಾಲಿ ಎಂದು ಕಾಣುತ್ತದೆ. ಪಟ್ಟಿ ಅಳಿಸಿದವನ ಕೈ ಮಾತ್ರ ಉಳಿದ ಹೊಲಕ್ಕೆ ಮುಟ್ಟಿರುವುದಿಲ್ಲ.

ಈಗಿನ ಹೊಸ ಪದ್ಧತಿಗೆ ಜಿಪಿಟಿ ಎಂದು ಹೆಸರು. ಅದನ್ನು ಮಾಡಿದವರು ಸ್ವಲ್ಪ ಬುದ್ಧಿವಂತರು. ಪಟ್ಟಿಯ ಒಂದು ಪ್ರತಿ ಡಿಸ್ಕಿನ ತಲೆಯಲ್ಲಿ, ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಯಲ್ಲಿ. ತಲೆಯ ಪ್ರತಿ ಹೋದರೆ ಬಾಲದ ಪ್ರತಿಯಿಂದ ಮತ್ತೆ ಬರೆದುಕೊಳ್ಳಬಹುದು. ಪಾಲುಪಟ್ಟಿಯ ಒಂದು ನಕಲು ದೊಡ್ಡಪ್ಪನ ಮನೆಯಲ್ಲಿ, ಒಂದು ಚಿಕ್ಕಪ್ಪನ ಮನೆಯಲ್ಲಿ ಇಟ್ಟ ಹಾಗೆ.

ಬಾಡಿಗೆಯ ಹೊಲ

ಇನ್ನು ವರ್ಚುವಲ್ ಸರ್ವರ್. ಮೊದಲೆಲ್ಲ ಸರ್ವರ್ ಎಂದರೆ ಕಚೇರಿಯ ಮೂಲೆಯಲ್ಲಿ ಗುಂಯ್ ಎನ್ನುವ ಪೆಟ್ಟಿಗೆ. ಈಗ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವ ಒಂದು ದೊಡ್ಡ ಯಂತ್ರದೊಳಗೆ ಹತ್ತಾರು ಬಾಡಿಗೆದಾರರು. ಪ್ರತಿಯೊಬ್ಬನಿಗೂ ತನ್ನದೇ ಯಂತ್ರ, ತನ್ನದೇ ಡಿಸ್ಕು ಇದೆ ಎಂಬ ಭ್ರಮೆ. ಆ ಡಿಸ್ಕು ನಿಜವಾಗಿ ದೊಡ್ಡ ಯಂತ್ರದೊಳಗಿನ ಒಂದು ಫೈಲು, ಇಲ್ಲವೇ ಅದರ ಸಾಮಾನ್ಯ ಕಣಜದಿಂದ ಅಳೆದುಕೊಟ್ಟ ಒಂದು ಭಾಗ. ಕೊಟ್ಟೂರಿನಲ್ಲಿ ಕೂತ ಗುಮಾಸ್ತ ಸಾಲದ ಕಂತು ಬರೆದುಕೊಂಡರೆ ಅದು ಹೋಗಿ ಆ ಕಣಜದಲ್ಲಿ ಬೀಳುತ್ತದೆ.

ಇಂಥ ಡಿಸ್ಕಿನ ಪಟ್ಟಿ ಹೋಗುವುದು ಸಾಮಾನ್ಯವಾಗಿ ಕಳ್ಳಕಾಕರಿಂದಲ್ಲ, ಒಳ್ಳೆಯ ಕೆಲಸ ಮಾಡಲು ಹೋದವರಿಂದ. ಜಾಗ ಸಾಲುತ್ತಿಲ್ಲ, 100 ಜಿಬಿಯನ್ನು 200 ಮಾಡೋಣ ಅಂತ ರಾತ್ರಿ ಹೊತ್ತು ಕೂರುತ್ತಾರೆ. ಎರಡು ಡಿಸ್ಕು ಇದ್ದಲ್ಲಿ ಹೊಸದೆಂದು ತಿಳಿದು ಹಳೆಯದಕ್ಕೆ ಆಜ್ಞೆ ಕೊಡುತ್ತಾರೆ. ಡಿಸ್ಕು ದೊಡ್ಡದಾದಾಗ ಬಾಲದಲ್ಲಿದ್ದ ಜಿಪಿಟಿ ಪ್ರತಿ ಹಳೆಯ ಕೊನೆಯಲ್ಲೇ, ಅಂದರೆ ಈಗಿನ ನಡುಹೊಲದಲ್ಲಿ ಉಳಿಯುತ್ತದೆ. ಯಂತ್ರ ಹೊಸ ಕೊನೆಯಲ್ಲಿ ಹುಡುಕಿ ಇಲ್ಲವೆನ್ನುತ್ತದೆ. ಇದು ಬಹಳ ದೊಡ್ಡ ರೋಗವಲ್ಲ. ಆದರೆ ಖರ್ಚು ಉಳಿಸಲು ಡಿಸ್ಕನ್ನು ಚಿಕ್ಕದು ಮಾಡಲು ಹೊರಟರೆ ಬಾಲವೇ ಕತ್ತರಿಸಿಹೋಗುತ್ತದೆ. ಅದರ ಜೊತೆಗೆ ಬೆಳೆಯೂ.

ಮೊದಲ ಮದ್ದು: ಕೈ ಕಟ್ಟಿ ಕೂಡುವುದು

ಪಟ್ಟಿ ಹೋದ ತಕ್ಷಣ ಎಲ್ಲರೂ ಮಾಡುವ ತಪ್ಪು ಒಂದೇ. "ಒಂದ್ಸಲ ಬಂದ್ ಮಾಡಿ ಚಾಲೂ ಮಾಡ್ರೀ, ಸರಿ ಹೋಗ್ತೈತಿ." ಮಾಡಕೂಡದು! ಲಿನಕ್ಸ್ ಸರ್ವರ್ ಇನ್ನೂ ಓಡುತ್ತಿದ್ದರೆ ಹಳೆಯ ಪಟ್ಟಿ ಅದರ ನೆನಪಿನಲ್ಲಿ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಯಾವ ಪಾಲು ಎಷ್ಟನೇ ಸೆಕ್ಟರಿನಿಂದ ಶುರು, ಎಷ್ಟು ಉದ್ದ ಎಂದು ಆ ನೆನಪಿನಿಂದ ಓದಿ ಕಾಗದದ ಮೇಲೆ ಬರೆದುಕೊಳ್ಳಬಹುದು. ಅಷ್ಟೇ ಅಲ್ಲ, ಫೈಲುಗಳೂ ಇನ್ನೂ ತೆರೆಯುತ್ತಿರುತ್ತವೆ. ಬೇಕಾದ್ದನ್ನು ಆಗಲೇ ಬೇರೊಂದು ಯಂತ್ರಕ್ಕೆ ಸಾಗಿಸಬಹುದು. ಬಂದ್ ಮಾಡಿ ಚಾಲೂ ಮಾಡಿದರೆ ಆ ನೆನಪೂ ಹೋಯಿತು. ಊರಿನ ಎಲ್ಲೆ ಬಲ್ಲ ಒಬ್ಬನೇ ಮುದುಕನನ್ನು ಪಂಚಾಯ್ತಿಗೆ ಮೊದಲೇ ಊರುಬಿಟ್ಟು ಕಳಿಸಿದ ಹಾಗೆ.

ಎರಡನೆಯದು, ನಕಲು. ಇಲ್ಲಿ ವರ್ಚುವಲ್ ಡಿಸ್ಕಿನವರ ಪುಣ್ಯ ದೊಡ್ಡದು. ಡಿಸ್ಕು ಎಂಬುದು ಫೈಲೇ ಆದ್ದರಿಂದ ಯಂತ್ರವನ್ನು ನಿಲ್ಲಿಸಿ ಇಡೀ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ನಕಲು ತೆಗೆಯಬಹುದು. ಮೇಲಿನ ಎಲ್ಲ ಪ್ರಯೋಗವೂ ನಕಲಿನ ಮೇಲೆಯೇ ನಡೆಯಬೇಕು, ಮೂಲಕ್ಕೆ ಯಾರೂ ಕೈ ಹಚ್ಚಕೂಡದು. ನಕಲು ಕೆಟ್ಟರೆ ಇನ್ನೊಂದು ನಕಲು. ಮೂಲ ಕೆಟ್ಟರೆ ಮುಗಿಯಿತು.

ಮೂರನೆಯದು, ಮೋಜಣಿ. ಹೊಲದ ಬದು ಅಳಿಸಿಹೋದಾಗ ಮೋಜಣಿದಾರ ಏನು ಮಾಡುತ್ತಾನೆ? ಮಣ್ಣಿನಲ್ಲಿ ಹೂತ ಬಾಂದುಕಲ್ಲು ಹುಡುಕುತ್ತಾನೆ. ಡಿಸ್ಕಿನಲ್ಲೂ ಬಾಂದುಕಲ್ಲುಗಳಿವೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಪಾಲಿನ ಮೊದಲ ಸೆಕ್ಟರಿನಲ್ಲಿ ತನ್ನ ಹೆಸರನ್ನೂ ಉದ್ದವನ್ನೂ ಬರೆದುಕೊಂಡಿರುತ್ತದೆ, ಅದರ ಪ್ರತಿಯೊಂದು ಆ ಪಾಲಿನ ಕೊನೆಯಲ್ಲಿ. ಲಿನಕ್ಸಿನ ಇಎಕ್ಸ್‌ಟಿ4 ಪಾಲಿನ ಆರಂಭದಿಂದ 1024 ಬೈಟು ಒಳಗೆ ತನ್ನ ಮುಖ್ಯ ಕಲ್ಲು ನೆಟ್ಟಿರುತ್ತದೆ. ಮುಂದೆ ಅಲ್ಲಲ್ಲಿ ಅದರ ಪ್ರತಿಗಳೂ ಇರುತ್ತವೆ. ಈಗಿನ ಡಿಸ್ಕುಗಳಲ್ಲಿ ಮೊದಲ ಪಾಲು ಸಾಮಾನ್ಯವಾಗಿ 2048ನೇ ಸೆಕ್ಟರಿನಿಂದ ಶುರು, ಹಳೆಯವುಗಳಲ್ಲಿ 63ರಿಂದ. ಈ ಕಲ್ಲುಗಳನ್ನು ಒಂದೊಂದಾಗಿ ಹುಡುಕಿ ಹಳೆಯ ಪಟ್ಟಿಯನ್ನು ಮತ್ತೆ ಬರೆದುಕೊಡುವ ತಂತ್ರಾಂಶಗಳಿವೆ. ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೇ ಬರೆದ ಟೆಸ್ಟ್‌ಡಿಸ್ಕ್ ಅಂಥದ್ದು. ಕಾಸು ಕೊಡಬೇಕಾಗಿಲ್ಲ, ಯಾರಾದರೂ ಬಳಸಬಹುದು. ಅದೂ ಸೋತರೆ ಅದರ ಜೊತೆಗಾರ ಫೋಟೊರೆಕ್ ಇದೆ. ಅದು ಪಟ್ಟಿಯ ಗೊಡವೆಯನ್ನೇ ಬಿಟ್ಟು ಫೈಲುಗಳನ್ನು ಅವುಗಳ ಮುಖಚಹರೆ ನೋಡಿ ಹೆಕ್ಕುತ್ತದೆ. ಹೆಸರು ಸಿಗುವುದಿಲ್ಲ, ತುಂಡು ತುಂಡಾಗಿ ಚೆದುರಿದ್ದು ಪೂರ್ತಿ ಸಿಗದಿರಬಹುದು. ಪ್ರವಾಹ ಬಂದ ಮನೆಯ ಪಾತ್ರೆ ಹೆಕ್ಕಿದಂತೆ, ಸಿಕ್ಕಷ್ಟು ಲಾಭ.

ಪಟ್ಟಿ ಮತ್ತೆ ಬಂತೆಂದು ಕುಣಿಯುವಂತೆಯೂ ಇಲ್ಲ. ಮೊದಲು ಓದಲು ಮಾತ್ರ ಬರುವಂತೆ ತೆರೆದು ನೋಡಬೇಕು, ಬರೆಯಲು ಬಿಡಬಾರದು. ನಿನ್ನೆಯ ಕಂತು ಇದೆಯೇ, ಮೊನ್ನೆಯ ಠೇವಣಿ ಇದೆಯೇ ಎಂದು ತಾಳೆ ಹಾಕಿ, ಎಲ್ಲವನ್ನೂ ಬೇರೆಡೆಗೆ ಸಾಗಿಸಿದ ಮೇಲೆಯೇ ಮುಂದಿನ ಮಾತು.

ಫಾರ್ಮ್ಯಾಟ್ ಎಂಬ ಕುಂಟೆ

"ಫಾರ್ಮ್ಯಾಟ್ ಹೊಡೆದು ಆಮ್ಯಾಲೆ ರಿಕವರಿ ಮಾಡೋಣ್ರೀ" ಎನ್ನುವ ಪಂಡಿತರೂ ಇದ್ದಾರೆ. ಹಳೆಯ ತಿರುಗುವ ಡಿಸ್ಕುಗಳ ಕಾಲದಲ್ಲಿ ಈ ಮಾತು ಕೆಲವು ಸಲ ನಡೆದದ್ದುಂಟು. ಬಾಡಿಗೆಯ ವರ್ಚುವಲ್ ಡಿಸ್ಕಿನಲ್ಲಿ ಇದು ಆತ್ಮಹತ್ಯೆ. ಕಾರಣವೇನೆಂದರೆ, ಇಂಥ ಡಿಸ್ಕು ಹಲವು ಕಡೆ ಬಳಸಿದಷ್ಟೇ ಜಾಗವನ್ನು ಕಣಜದಿಂದ ಪಡೆಯುತ್ತದೆ. ಫಾರ್ಮ್ಯಾಟ್ ಮಾಡುವಾಗ ಯಂತ್ರ ತಾನಾಗಿಯೇ "ಈ ಜಾಗವೆಲ್ಲ ಈಗ ಬೇಡ, ವಾಪಸು ತಗೊಳ್ಳಿ" ಎಂದು ಕೆಳಗಿನ ಕಣಜಕ್ಕೆ ಸಂದೇಶ ಕಳಿಸಬಹುದು. ಕಣಜ ಅದನ್ನು ವಾಪಸು ತೆಗೆದುಕೊಂಡು ಬೇರೆ ಬಾಡಿಗೆದಾರನಿಗೆ ಅಳೆದುಕೊಡುತ್ತದೆ. ಆಮೇಲೆ ಓದಿದರೆ ಸಿಗುವುದು ಬರೀ ಸೊನ್ನೆ. ಬದು ಅಳಿಸಿದರೆ ಹೊಲ ಉಳಿಯುತ್ತದೆ. ಕುಂಟೆ ಹೊಡೆದ ಮೇಲೆ ಪೈರು ಎಲ್ಲಿಂದ ತರುತ್ತೀರಿ?

ಆದ್ದರಿಂದ ಡಿಸ್ಕಿನ ಮುಂದೆ ಕೂತವನಿಗೆ ಬೇಕಾದ ಮೊದಲ ವಿದ್ಯೆ ರಿಪೇರಿಯಲ್ಲ, ತಾಳ್ಮೆ. ಆ ತಾಳ್ಮೆಯನ್ನು ಅವನಿಗೆ ಕೊಡಬೇಕಾದವರು ಆಡಳಿತ ಮಂಡಳಿಯವರು. ಅಧ್ಯಕ್ಷರು, ನಿರ್ದೇಶಕರು, ಅವರ ಮೈದುನರು ಸಾಲಾಗಿ ಫೋನು ಹಚ್ಚಿ "ಯಾವಾಗ ಆಗ್ತೈತಿ? ಕೌಂಟರ್ ಮುಂದ ಜನ ನಿಂತಾರ" ಎಂದು ತಿವಿಯುತ್ತಿದ್ದರೆ ಆ ಹುಡುಗ ಮೂಲಕ್ಕೇ ಕೈ ಹಾಕುತ್ತಾನೆ, ಮತ್ತೇನು ಮಾಡಿಯಾನು? ಒಂದು ದಿನ ಕೌಂಟರ್ ಬಂದ್ ಆದರೆ ಜನ ಬೈದುಕೊಂಡು ಹೋಗುತ್ತಾರೆ, ಮರುದಿನ ಬರುತ್ತಾರೆ. ಖಾತೆಯೇ ಅಳಿಸಿಹೋದರೆ ಬರುವುದು ಬೈಗುಳಲ್ಲ, ಕೋರ್ಟಿನ ನೋಟೀಸು.

ದೊಡ್ಡವರ ಮನೆಯ ದೋಸೆಯೂ ತೂತೇ

ಇದೆಲ್ಲ ಬಡ ತಾಲ್ಲೂಕುಗಳ ಕಷ್ಟ ಎಂದು ತಿಳಿಯಬೇಡಿ. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಕೆಲಸ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಇಂಜಿನಿಯರ್ ರಾತ್ರಿ ಹೊತ್ತು ದಣಿದು ಕೂತು ದತ್ತಾಂಶದ ಕಡತವನ್ನು ಅಳಿಸಿದ. ಒಂದು ಯಂತ್ರದ್ದು ಅಳಿಸಲು ಹೋಗಿ ಇನ್ನೊಂದರದು ಅಳಿಸಿದ್ದ. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಇರಲಿಲ್ಲವೇ? ಐದು ಬಗೆಯ ವ್ಯವಸ್ಥೆ ಇತ್ತು! ತೆಗೆದು ನೋಡಿದರೆ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅದೃಷ್ಟಕ್ಕೆ ಸುಮಾರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಸಿಕ್ಕಿತು. ಆರು ಗಂಟೆಯ ಲೆಕ್ಕ ಹೋಯಿತು, ಕಂಪನಿ ಉಳಿಯಿತು. ನಡೆದದ್ದನ್ನೆಲ್ಲ ಮುಚ್ಚಿಡದೆ ಜನರ ಮುಂದಿಟ್ಟರು ಎಂಬುದು ಅವರ ದೊಡ್ಡತನ.

ದಕ್ಷಿಣ ಕೊರಿಯಾದ ಸರ್ಕಾರಕ್ಕೆ ಅಷ್ಟು ಅದೃಷ್ಟ ಇರಲಿಲ್ಲ. 2025ರ ಸೆಪ್ಟೆಂಬರ್ 26ರಂದು ದೇಜನ್ ಊರಿನ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಕಣಜದ 858 ಟೆರಾಬೈಟ್ ಸುಟ್ಟುಹೋಯಿತು. ಬಹಳ ದೊಡ್ಡದು, ಆದ್ದರಿಂದ ಹೊರಗೆ ಪ್ರತಿ ಇಟ್ಟಿರಲಿಲ್ಲ ಎಂಬ ಸಮಜಾಯಿಷಿ ಬಂತು. ಪಟ್ಟಿ ಹೋದರೆ ಹುಡುಕಬಹುದು, ಹೊಲವೇ ಸುಟ್ಟರೆ ಯಾವ ಮೋಜಣಿದಾರನೂ ಏನೂ ಮಾಡಲಾರ. ದಾರಿ ಒಂದೇ, ಇನ್ನೊಂದು ಊರಿನಲ್ಲಿ ಇನ್ನೊಂದು ಪ್ರತಿ.

'ಭೂಮಿ' ಕಲಿಸಿದ ಪಾಠ

ಎರಡನೇ ಪ್ರತಿಯ ಬೆಲೆ ಏನೆಂದು ಕೇಳಬೇಕಾದರೆ ಕೊರಿಯಾಕ್ಕೆ ಹೋಗಬೇಕಾಗಿಲ್ಲ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಬಾಗಿಲಲ್ಲಿ ನಿಂತರೆ ಸಾಕು. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಲ್ಲಿಯವರೆಗೆ ಅವು ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದವು. ಕೈಬರಹದ ಹೊಸ ಪಹಣಿ ನಿಂತಿತು, ಕಂಪ್ಯೂಟರ್ ಪಹಣಿಯೇ ಪಹಣಿ ಎಂದಾಯಿತು. ದೊಡ್ಡ ಕೆಲಸ, ದೇಶವೇ ನೋಡಿದ ಕೆಲಸ.

ಆದರೆ ಏರಿಸುವಾಗ ಹೆಸರು ತಪ್ಪಿದ, ಗುಂಟೆ ತಪ್ಪಿದ ರೈತ ತಿದ್ದುಪಡಿಗೆ ಬಂದಾಗ ಏನು ಕೇಳುತ್ತಾರೆ? ಹಳೆಯ ಕೈಬರಹದ ಪಹಣಿ ತಾ, ಮೂಲ ಟಿಪ್ಪಣಿ ನೋಡೋಣ, ಆಕಾರಬಂದ್ ತೆಗೆಸು! ಬೇಡವೆಂದು ಮೂಲೆಗೆ ಸೇರಿಸಿದ ಆ ಹಳೆಯ ಕಾಗದವೇ ಕೊನೆಗೆ ಕಂಪ್ಯೂಟರಿನ ತಪ್ಪಿಗೆ ಸಾಕ್ಷಿ. ಕಂಪ್ಯೂಟರ್ ಬಂದ ಹೊಸದರಲ್ಲಿ ಯಾರಾದರೂ ಹುಮ್ಮಸ್ಸಿನಿಂದ ಕಾಗದವನ್ನೆಲ್ಲ ಸುಟ್ಟುಬಿಟ್ಟಿದ್ದರೆ ಗತಿ ಏನಾಗುತ್ತಿತ್ತು? ಸಂಘಗಳೂ ಶಾಲೆಗಳೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಂಪ್ಯೂಟರ್ ಬಂತೆಂದು ಖಾತೆಪುಸ್ತಕವನ್ನು ರದ್ದಿಗೆ ಹಾಕುವ ಅವಸರ ಯಾತಕ್ಕೆ?

ಮಂಡಳಿಯವರೇ, ಮೂರು ಮಾತು

ಕೇಂದ್ರ ಸರ್ಕಾರ 2022ರಲ್ಲಿ ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡಲು 2516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂದರೆ ಹಳ್ಳಿಯ ವಿಎಸ್‌ಎಸ್‌ಎನ್‌ವರೆಗೂ ಕಂಪ್ಯೂಟರ್ ಬರುವ ಕಾಲ. ಬರಲಿ, ಬೇಡವೆಂದವರು ಯಾರು? ಆದರೆ ತಮ್ಮ ಸ್ವಂತ ಲೆಕ್ಕಕ್ಕೆ ಬಾಡಿಗೆ ಸರ್ವರ್ ಹಿಡಿದಿರುವ ಸಂಸ್ಥೆಗಳವರು ಮೂರು ಕೆಲಸ ಮಾಡಲೇಬೇಕು.

ಒಂದು: ಪಾಲುಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕಪಾಟಿನಲ್ಲಿಡಿ. ಲಿನಕ್ಸಿನಲ್ಲಿ ಒಂದೇ ಆಜ್ಞೆಗೆ ಆ ಪಟ್ಟಿ ಕೆಲವೇ ಸಾಲುಗಳಲ್ಲಿ ಹೊರಬರುತ್ತದೆ. ಅರ್ಧ ಹಾಳೆ ಸಾಕು. ಡಿಸ್ಕಿನ ಅಳತೆ ಬದಲಾದಾಗಲೆಲ್ಲ ಹೊಸ ಹಾಳೆ. ಪಟ್ಟಿ ಹೋದ ರಾತ್ರಿ ಆ ಅರ್ಧ ಹಾಳೆ ಇದ್ದರೆ ಮೋಜಣಿಯೇ ಬೇಕಾಗದಿರಬಹುದು.

ಎರಡು: ಬ್ಯಾಕಪ್ ಇದೆಯೇ ಎಂದು ಕೇಳಬೇಡಿ. "ಇದೆ" ಎಂದು ಎಲ್ಲರೂ ಹೇಳುತ್ತಾರೆ. ಗಿಟ್‌ಲ್ಯಾಬಿನವರೂ ಹಾಗೆಂದೇ ತಿಳಿದಿದ್ದರು. "ವಾಪಸು ತೆಗೆದು ತೋರಿಸು" ಎಂದು ಕೇಳಿ. ಮೂರು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಅದನ್ನು ತೆರೆದು, ಹತ್ತು ಸದಸ್ಯರ ಖಾತೆಯನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ಹಾಕಿ, ಫಲಿತಾಂಶವನ್ನು ಸರ್ವ ಸದಸ್ಯರ ಸಭೆಯಲ್ಲಿ ಓದಿ ಹೇಳಿ. ಆ ಪ್ರತಿ ಅದೇ ಸರ್ವರಿನಲ್ಲಿ, ಅದೇ ಬಾಡಿಗೆಯ ಖಾತೆಯಲ್ಲಿ ಇದ್ದರೆ ಅದು ಪ್ರತಿಯಲ್ಲ. ಒಂದೇ ಗಂಟಿನಲ್ಲಿ ಎರಡು ಬೀಗದ ಕೈ ಕಟ್ಟಿದ ಹಾಗೆ, ಗಂಟು ಹೋದರೆ ಎರಡೂ ಹೋದವು.

ಮೂರು: ಸರ್ವರ್ ಕೊಟ್ಟವರ ಜೊತೆಗಿನ ಕರಾರಿನಲ್ಲಿ ಅನಾಹುತವಾದರೆ ಯಾರು, ಎಷ್ಟು ಹೊತ್ತಿನಲ್ಲಿ, ಏನು ಮಾಡಬೇಕು ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ. ಮೊದಲ ಸಾಲು ಹೀಗಿರಲಿ: ನಕಲು ತೆಗೆಯುವವರೆಗೆ ಮೂಲವನ್ನು ಯಾರೂ ಮುಟ್ಟಕೂಡದು.

"ಅಷ್ಟು ದುಡ್ಡೆಲ್ಲೈತ್ರೀ?" ಎಂಬ ಪ್ರಶ್ನೆ ಬರುವುದು ಸಹಜ. ಸಣ್ಣ ಸಂಘದ ಕಷ್ಟ ಸುಳ್ಳಲ್ಲ. ಒಬ್ಬ ಗುಮಾಸ್ತನ ಸಂಬಳಕ್ಕೇ ತಿಣುಕುವ ಸಂಸ್ಥೆಗಳಿವೆ. ಆದರೆ ಮೇಲೆ ಹೇಳಿದ ಹಾಳೆಗೆ ದುಡ್ಡು ಬೇಡ, ತಾಳೆ ಹಾಕಲು ದುಡ್ಡು ಬೇಡ, ಕೈ ಕಟ್ಟಿ ಕೂರಲು ಮೊದಲೇ ದುಡ್ಡು ಬೇಡ. ಎರಡನೇ ಪ್ರತಿಗೆ ಬೇಕು, ನಿಜ. ಅಧ್ಯಕ್ಷರ ಸನ್ಮಾನಕ್ಕೆ ಹಾರ ಶಾಲು ತರುವ ಸಂಸ್ಥೆಗೆ ಒಂದು ಹೆಚ್ಚಿನ ಡಿಸ್ಕು ತರಲಾಗದೇ? ನಾಲ್ಕೈದು ಸಣ್ಣ ಸಂಘಗಳು ಸೇರಿ ಒಬ್ಬ ನುರಿತವನನ್ನು ಇಟ್ಟುಕೊಳ್ಳಲಾಗದೇ? ಲೆಕ್ಕ ಪರಿಶೋಧಕರು ರಸೀದಿ ವೋಚರು ಕೇಳುವ ಹಾಗೆ ಇದನ್ನೂ ಕೇಳಿ ವರದಿಯಲ್ಲಿ ಬರೆಯಲಾಗದೇ?

ಹೊಲಕ್ಕೆ ಎಲ್ಲೆ ಹಾಕುವುದು ಈ ಸೀಮೆಯ ಜನಕ್ಕೆ ಗೊತ್ತು, ಎಲ್ಲೆ ಕೆಟ್ಟಾಗ ದುಡುಕದೆ ಕಲ್ಲು ಹುಡುಕುವುದೂ ಗೊತ್ತು. ಮೂರು ಜಿಲ್ಲೆ ತಿರುಗಿದರೂ ತಮ್ಮ ಹೊಲ ಯಾವುದೆಂದು ಮರೆಯದ ಜನ ಇವರು. ಅವರ ಬೆವರಿನ ದುಡ್ಡು ಈಗ ಕಾಣದ ಊರಿನ, ಕಾಣದ ಡಿಸ್ಕಿನಲ್ಲಿದೆ. ಅದನ್ನು ಕಾಯುವ ಹೊಣೆ ಹೊತ್ತ ಮಂಡಳಿಗಳು, ಸಹಕಾರ ಇಲಾಖೆಯ ಅಧಿಕಾರಿಗಳು, ಬರುವ ಸರ್ವ ಸದಸ್ಯರ ಸಭೆಗೆ ಮೊದಲಾದರೂ ಆ ಅರ್ಧ ಹಾಳೆಯನ್ನು ಅಚ್ಚು ಹಾಕಿಸುವರೇ? ಹಾಕಿಸದಿದ್ದರೆ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇದೆ. ಕೇಳಬೇಕಷ್ಟೇ.